ಮೆಟ್ಟಿಲು ಕಚೇರಿ ಉಪಯೋಗಕ್ಕೆ ಮಾತ್ರ

ಟೈಲರಕ್ಕನ ಮನೆಯ ಮೆಟ್ಟಿಲನ್ನು ಮನೆಯ ಮಾಲೀಕರು ಯಾವ ದುರುದ್ದೇಶವೂ ಇಲ್ಲದೆ, ಹಾಡಹಗಲಲ್ಲಿ, ಆಳುಗಳನ್ನು ಕರೆಸಿ, ಅಚ್ಚುಕಟ್ಟಾಗಿ ತೆಗೆಸಿದರು. ಅದು ಹೊರಗಿನ ಗೋಡೆಗೆ ಒರಗಿಕೊಂಡು ನೇರ ಮಹಡಿಗೆ ಹೋಗುತ್ತಿದ್ದ ಕಬ್ಬಿಣದ ಮೆಟ್ಟಿಲು. ಮಹಡಿಯ ಮೇಲೆ ಬೀದಿಯ ಕಡೆಗೊಂದು ಕೋಣೆ, ಹಿಂದೊಂದು ಅಡುಗೆಮನೆ. ಟೈಲರಕ್ಕ, ಅವಳ ಅತ್ತೆ, ಒಂದು ಹೊಲಿಗೆ ಯಂತ್ರ ಮತ್ತು ಬೀದಿಯ ಹೆಂಗಸರೆಲ್ಲರ ಅರ್ಧ ಹೊಲಿದ ರವಿಕೆಗಳು ಅಲ್ಲಿ ವಾಸವಾಗಿದ್ದವು. ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು, ಒಬ್ಬರನ್ನೊಬ್ಬರು ಸಾಕಿಕೊಂಡು ಹಾಗೂ ಹೀಗೂ ಕಾಲ ಹಾಕುತ್ತಿದ್ದರು.

ಮೆಟ್ಟಿಲು ಹೋದ ದಿನ ಟೈಲರಕ್ಕ ಯಾರದೋ ಮನೆಗೆ ಬಟ್ಟೆ ಕೊಟ್ಟು ವಾಪಸು ಬಂದಳು. ಗೋಡೆಯನ್ನು ನೋಡಿದಳು. ಮನೆ ತಪ್ಪಿತೇನೋ ಎಂದು ಬೀದಿಯ ತುದಿಯವರೆಗೂ ಹೋಗಿ ಮತ್ತೆ ಬಂದಳು. ಅಷ್ಟರಲ್ಲಿ ಮೇಲಿನ ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು.

"ಹುಡುಕಬೇಡ ಕಣೇ. ಹೊತ್ಕೊಂಡು ಹೋದ್ರು."

"ಯಾರತ್ತೆ?"

"ಮಾಲೀಕರ ಆಳುಗಳು. ಒಳ್ಳೇ ಹುಡುಗ್ರು. ಹೋಗೋವಾಗ ಹುಷಾರು ಅಜ್ಜಿ ಅಂತ ಹೇಳಿ ಹೋದ್ರು."

ಮಾಲೀಕರು ಕೆಳಗೇ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟುಕೊಂಡಿದ್ದರು. ಬಹಳ ಮೃದು ಮಾತಿನವರು. ಯಾರಿಗೂ ಮನೆ ಖಾಲಿ ಮಾಡಿ ಎಂದು ಬಾಯಿಬಿಟ್ಟು ಹೇಳಿದವರಲ್ಲ. ವ್ಯಾಯಾಮಶಾಲೆಯವರೊಬ್ಬರು ಮಹಡಿಯನ್ನು ಕೇಳಿಕೊಂಡು ಬಂದಿದ್ದಾರೆ ಎಂಬುದನ್ನು ಮಾತ್ರ ಟೈಲರಕ್ಕನಿಗೆ ಆಗಾಗ ನೆನಪಿಸುತ್ತಿದ್ದರು. ಅವಳು ಹೂಂ ಅನ್ನುತ್ತಿದ್ದಳು, ಅಲ್ಲಿಗೆ ಮಾತು ನಿಲ್ಲುತ್ತಿತ್ತು.

"ಸಾರ್, ಮೆಟ್ಟಿಲು?" ಎಂದಳು ಟೈಲರಕ್ಕ.

"ತುಕ್ಕು ಹಿಡಿದಿತ್ತು ತಂಗೀ. ನಿಮ್ಮತ್ತೆ ಜಾರಿ ಗೀರಿ ಬಿದ್ರೆ ನನಗೆ ನಿದ್ದೆ ಹತ್ತುತ್ತಾ? ಅದಕ್ಕೇ ತೆಗೆಸಿಬಿಟ್ಟೆ."

"ಹೊಸದು ಯಾವಾಗ ಹಾಕಿಸ್ತೀರಿ?"

"ನೋಡು, ಇಲ್ಲೇ ನೀನು ಅವಸರ ಮಾಡೋದು."

"ಅಲ್ಲ ಸಾರ್, ನಾವು ಮನೆಗೆ ಹೋಗೋದು ಹೇಗೆ?"

"ಅದು ನಿನ್ನ ಸ್ವಂತ ವಿಷಯ. ಬಾಡಿಗೆಗಿರೋರು ಮನೆಗೆ ಹೇಗೆ ಹೋಗ್ತಾರೆ, ಹೇಗೆ ಬರ್ತಾರೆ ಅಂತ ನಾನು ಯಾವತ್ತೂ ಕೇಳಿದೋನಲ್ಲ. ಕರಾರಿನಲ್ಲಿ ಮನೆ ಅಂತಿದೆ. ಮನೆ ಮೇಲಿದೆ. ಮುಟ್ಟಿದೀನಾ?"

ಮುಟ್ಟಿರಲಿಲ್ಲ. ಟೈಲರಕ್ಕ ಅದನ್ನು ಒಪ್ಪಿಕೊಳ್ಳಲೇಬೇಕಾಯಿತು.

ಎದುರು ಮನೆಯ ಪೇಂಟರಣ್ಣ ತನ್ನ ಹಳೆಯ ಏಣಿಯೊಂದನ್ನು ಕೊಟ್ಟ. ಟೈಲರಕ್ಕ ಸೆರಗು ಬಿಗಿದು ಹತ್ತುವುದನ್ನೂ ಇಳಿಯುವುದನ್ನೂ ಕಲಿತಳು. ಅತ್ತೆಯ ಮಂಡಿಗೆ ಅದು ಆಗದ ಮಾತು. ಅವರು ಕಿಟಕಿಯಲ್ಲೇ ಕೂತು ಬೀದಿಯನ್ನು ಆಳತೊಡಗಿದರು. ಬಟ್ಟೆಗಳು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಹತ್ತಿ ಇಳಿದವು. ಅಳತೆಗೆ ಬಂದವರು ಬೀದಿಯಲ್ಲಿ ನಿಂತು ಕೈ ಅಗಲಿಸಿದರೆ ಅತ್ತೆ ಮೇಲಿಂದಲೇ ಕಣ್ಣಳತೆ ಹೇಳುತ್ತಿದ್ದರು. ಅದೂ ಇಡೀ ಬೀದಿಗೆ ಕೇಳುವಂತೆ. ಅತ್ತೆಯ ಕಣ್ಣಿಗೆ ಎಲ್ಲರೂ ದಪ್ಪವೇ. ನೋಡನೋಡುತ್ತಾ ಗಿರಾಕಿಗಳು ಮುಂದಿನ ಬೀದಿಯ ಟೈಲರಿನ ದಾರಿ ಹಿಡಿದರು. ಒಂದು ದಿನ ಅತ್ತೆಗೆ ಜ್ವರ ಬಂತು. ಡಾಕ್ಟರು ಏಣಿಯ ಬುಡದಲ್ಲಿ ನಿಂತು, ಅವರ ಕೆಮ್ಮನ್ನು ಕೆಳಗಿನಿಂದಲೇ ಕೇಳಿ ಔಷಧಿ ಬರೆದುಕೊಟ್ಟು ಹೋದರು. ಅಂದು ಟೈಲರಕ್ಕನಿಗೆ ಚಿಂತೆ ಹತ್ತಿತು. ಹೆಚ್ಚುಕಡಿಮೆಯಾದರೆ ಈ ಮುದುಕಿಯನ್ನು ಇಳಿಸುವುದು ಹೇಗೆ? ಬುಟ್ಟಿಯಲ್ಲಿಯೇ?

ಮರುದಿನ ಬೆಳಿಗ್ಗೆ ಅವಳು ಬಡ ಬಾಡಿಗೆದಾರರ ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದಳು.

ಕೇಂದ್ರದ ಫಲಕದ ಮೇಲೆ "ನ್ಯಾಯ ನಿಮ್ಮ ಬಾಗಿಲಿಗೆ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ, "ಮಧ್ಯಾಹ್ನದ ಮೇಲೆ ಬಾಗಿಲು ಮುಚ್ಚಿರುತ್ತದೆ" ಎಂದು ಸಣ್ಣಕ್ಷರದಲ್ಲಿ. ಒಳಗೆ ಇಬ್ಬರಿದ್ದರು. ಒಬ್ಬರು ನೆರವು ಅಧಿಕಾರಿ. ಕುರ್ಚಿ ತುಂಬ ಕೂತಿದ್ದರು. ಇನ್ನೊಬ್ಬರು ವಕೀಲರು, ಸಣಕಲು ಮನುಷ್ಯ, ಕೋಟಿನ ತೋಳು ಭುಜದ ಹತ್ತಿರ ಹೊಲಿಗೆ ಬಿಟ್ಟಿತ್ತು. ಊರವರು ಅವರನ್ನು ಉಚಿತ ವಕೀಲರು ಎಂದೇ ಕರೆಯುತ್ತಿದ್ದರು. ಈ ಕೇಂದ್ರ ಹುಟ್ಟಿದಾಗಿನಿಂದ ಒಂದು ಮೊಕದ್ದಮೆಯನ್ನೂ ಸೋತಿರಲಿಲ್ಲ. ಹೂಡಿದ್ದರೆ ತಾನೇ ಸೋಲುವುದು ಎಂದು ಕೆಲವರು ಮೂಗು ಮುರಿಯುತ್ತಿದ್ದರು. ಅಂಥ ಮಾತನ್ನು ಕೇಂದ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಳ್ಳಬೇಕಾದರೆ ಲಿಖಿತ ಅರ್ಜಿ ಬರಬೇಕಾಗಿತ್ತು.

"ನೀನು ಬಡವಳು ಅನ್ನೋದಕ್ಕೆ ಏನಮ್ಮಾ ಸಾಕ್ಷಿ?" ಎಂದು ಅಧಿಕಾರಿ ಕೇಳಿದರು.

"ಇಲ್ಲಿಗೆ ಬಂದಿದೀನಲ್ಲ ಸಾರ್."

ಅಧಿಕಾರಿ ಯೋಚಿಸಿದರು. ಉಚಿತ ವಕೀಲರು ಮೆಲ್ಲಗೆ, "ಬಲವಾದ ಸಾಕ್ಷಿ ಸಾರ್" ಎಂದರು.

"ಕೆಲಸ ಏನು?"

"ಹೊಲಿಗೆ."

"ಕೈಯಲ್ಲೋ, ಯಂತ್ರದಲ್ಲೋ?"

"ಯಂತ್ರದಲ್ಲಿ ಸಾರ್."

"ಯಂತ್ರ ಇದ್ರೆ ಉದ್ಯಮಿ. ಉದ್ಯಮಿಗಳಿಗೆ ಬೇರೆ ಇಲಾಖೆ."

"ಕಾಲಲ್ಲಿ ತುಳಿಯೋ ಯಂತ್ರ ಸಾರ್."

"ತುಳಿಯೋದಾ? ಹಾಗಾದ್ರೆ ಪರವಾಗಿಲ್ಲ. ತುಳಿಯೋರು, ತುಳಿಸಿಕೊಳ್ಳೋರು, ಇಬ್ಬರೂ ನಮ್ಮ ವ್ಯಾಪ್ತಿಗೇ ಬರ್ತಾರೆ."

ಹೀಗೆ ಟೈಲರಕ್ಕನ ಬಡತನ ಅಂಗೀಕಾರವಾಯಿತು. ಅವಳಿಗೆ ಅದರಿಂದ ಒಂದು ಬಗೆಯ ಹೆಮ್ಮೆಯೂ ಆಯಿತೆನ್ನಿ. ಆದರೆ ಇನ್ನೊಂದು ನಿಯಮವಿತ್ತು. ಕೇಂದ್ರವು ವಿವಾದಗಳಲ್ಲಿ ಮಾತ್ರ ನೆರವು ನೀಡತಕ್ಕದ್ದು. ವಿವಾದ ಇದೆ ಎಂಬುದನ್ನು ಮನೆಯ ಮಾಲೀಕರು ಸಹಿ ಮಾಡಿ ದೃಢಪಡಿಸತಕ್ಕದ್ದು. ಒಬ್ಬರೇ ಕೂತು ಜಗಳವಾಡಿದರೆ ಅದು ಗೊಣಗಾಟವೆನಿಸುತ್ತದೆ, ಗೊಣಗಾಟಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಅಧಿಕಾರಿ ಬಿಡಿಸಿ ಹೇಳಿದರು.

ಟೈಲರಕ್ಕ ಪೈಪಿನ ಅಂಗಡಿಗೆ ಹೋದಳು. ಮಾಲೀಕರ ಕಣ್ಣಲ್ಲಿ ನೀರೇ ಬಂತು.

"ಜಗಳವಾ? ನಮ್ಮಿಬ್ಬರ ಮಧ್ಯೆ? ತಂಗೀ ಅಂತ ಬಾಯ್ತುಂಬ ಕರೀತೀನಿ, ನೀನು ಜಗಳ ಅಂತಿದೀಯಲ್ಲ!"

ಅವರು ಅಲ್ಲೇ ಒಂದು ಹಾಳೆ ತೆಗೆದು, ತಮಗೂ ಈ ಬಾಡಿಗೆದಾರಳಿಗೂ ಅಣ್ಣ ತಂಗಿಯರ ವಾತ್ಸಲ್ಯವಲ್ಲದೆ ಬೇರೇನೂ ಇಲ್ಲವೆಂದು ಬರೆದು ಸಹಿ ಹಾಕಿಕೊಟ್ಟರು. ಅಧಿಕಾರಿಗೆ ಆ ಕಾಗದ ನೋಡಿ ಹೊಟ್ಟೆ ತಣ್ಣಗಾಯಿತು. "ವಿವಾದ ಸೌಹಾರ್ದದಿಂದ ಇತ್ಯರ್ಥ" ಎಂದು ಅದರ ಮೇಲೆ ಬರೆದು, ಟೈಲರಕ್ಕನಿಗೆ ಅಭಿನಂದನೆ ಹೇಳಿದರು.

ಟೈಲರಕ್ಕ ಕದಲಲಿಲ್ಲ. "ಸಾರ್, ಒಂದು ಸಲ ಬಂದು ನೋಡಿ. ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಅತ್ತೆ ಮೇಲಿಂದ ಇಳಿದೇ ಇಲ್ಲ." ಉಚಿತ ವಕೀಲರು ಕಿಟಕಿಯ ಕಡೆ ತಿರುಗಿಕೊಂಡು, ಸ್ಥಳ ಪರಿಶೀಲನೆಗೆ ನಿಯಮದಲ್ಲಿ ಅವಕಾಶವಿದೆ ಎಂದು ಯಾರಿಗೂ ಹೇಳದಂತೆ ಹೇಳಿದರು. ಅವಳು ಅಲ್ಲೇ ಕೂತು ಅವರ ಕೋಟಿನ ತೋಳನ್ನು ಹೊಲಿದುಕೊಟ್ಟಳು.

ಪರಿಶೀಲನೆಗೆ ಇಬ್ಬರೂ ಬಂದರು. ಅಧಿಕಾರಿ ಏಣಿಯನ್ನು ಒಮ್ಮೆ, ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿದರು.

"ಮೇಲೆ ಬರಲ್ವೇನಪ್ಪಾ?" ಎಂದು ಅತ್ತೆ ಕಿಟಕಿಯಿಂದ ಕೂಗಿದರು.

"ಹೇಗಮ್ಮಾ ಬರೋದು? ಮೆಟ್ಟಿಲಿಲ್ಲ."

"ಅದನ್ನೇ ಬರ್ಕೋ!"

"ಬರ್ಕೋಬೇಕಾದ್ರೆ ಮೇಲೆ ಬಂದು ನೋಡಬೇಕಮ್ಮ."

"ಬಂದು ನೋಡು ಮತ್ತೆ!"

"ಅದೇ ಹೇಳಿದ್ನಲ್ಲಮ್ಮ, ಮೆಟ್ಟಿಲಿಲ್ಲ."

ಈ ಸಂಭಾಷಣೆ ಇನ್ನಷ್ಟು ಹೊತ್ತು ನಡೆಯುತ್ತಿತ್ತೇನೋ. ಮಾಲೀಕರು ಅಂಗಡಿಯಿಂದ ಚಹಾ ತರಿಸಿದ್ದರಿಂದ ನಿಂತಿತು. ಸಂಜೆಯ ಹೊತ್ತಿಗೆ ವರದಿ ಸಿದ್ಧವಾಯಿತು: "ಮೆಟ್ಟಿಲು ಇಲ್ಲವೆಂಬ ದೂರಿನ ಸತ್ಯಾಸತ್ಯತೆಯನ್ನು ಮಹಡಿಯ ಮೇಲಿಂದ ಪರಿಶೀಲಿಸಬೇಕಾಗಿದ್ದು, ಮಹಡಿಗೆ ಹೋಗಲು ಮೆಟ್ಟಿಲು ಇಲ್ಲದ ಕಾರಣ ಪರಿಶೀಲನೆ ಸಾಧ್ಯವಾಗಿರುವುದಿಲ್ಲ. ಆದುದರಿಂದ ದೂರು ದೃಢಪಟ್ಟಿರುವುದಿಲ್ಲ. ಮೆಟ್ಟಿಲು ಒದಗಿಸಿದಲ್ಲಿ, ಮೆಟ್ಟಿಲು ಇಲ್ಲವೆಂಬ ಬಗ್ಗೆ ಮರುಪರಿಶೀಲನೆ ನಡೆಸಲಾಗುವುದು."

ಟೈಲರಕ್ಕ ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ, "ಓದಿದೋರು ಬರೆದಿದ್ದು, ತಪ್ಪಿರಲ್ಲ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಟೈಲರಕ್ಕ ಕೇಳಲು ಹೋಗಲಿಲ್ಲ.

ಇತ್ತ ವ್ಯಾಯಾಮಶಾಲೆಯವರಿಗೆ ಕಾದು ಸಾಕಾಗಿತ್ತು. ಈ ಹೆಂಗಸು ಏಣಿಗೂ ಒಗ್ಗಿಕೊಂಡಿದ್ದನ್ನು ನೋಡಿ ಮಾಲೀಕರು ಬೇರೆ ದಾರಿ ಹುಡುಕಿದರು. ಅವರಿಗೆ ಇನ್ನೊಂದು ಕಟ್ಟಡವಿತ್ತು. ಅದರಲ್ಲಿ ಬಡ ಬಾಡಿಗೆದಾರರ ಉಚಿತ ಕಾನೂನು ನೆರವು ಕೇಂದ್ರವಿತ್ತು. ಬಡವರ ಮೇಲಿನ ಕನಿಕರದಿಂದ ಅವರೇ ಅದನ್ನು ಕೇಂದ್ರಕ್ಕೆ ಬಿಟ್ಟುಕೊಟ್ಟಿದ್ದರು. "ಬಡವರ ಬಂಧು" ಎಂಬ ಅಡಿಬರಹದೊಂದಿಗೆ ಅವರ ಭಾವಚಿತ್ರವೂ ಅಲ್ಲಿ ನೇತಾಡುತ್ತಿತ್ತು. ಒಂದು ಬೆಳಿಗ್ಗೆ ಅಧಿಕಾರಿ ಕಚೇರಿಗೆ ಬಂದಾಗ ಬಾಗಿಲಿರಲಿಲ್ಲ. ಗೆದ್ದಲು ಹಿಡಿದಿತ್ತೆಂದು ಮಾಲೀಕರು ಕಾಳಜಿಯಿಂದ ತೆಗೆಸಿದ್ದರು. ಮಧ್ಯಾಹ್ನದೊಳಗೆ ಬೀರು, ಮೇಜು, ಫಲಕ ಎಲ್ಲವೂ ಬೀದಿಗೆ ಬಂದವು. ಸಂಜೆಯ ಹೊತ್ತಿಗೆ ಕೋಣೆಯೊಳಗೆ ಯಾರೋ ಭಾರ ಎತ್ತುತ್ತಿದ್ದರು.

"ದೂರು ಕೊಡೋಣ ಸಾರ್," ಎಂದರು ಉಚಿತ ವಕೀಲರು.

"ಯಾರಿಗೆ?"

"ನಮಗೇ."

"ನಮ್ಮ ಕಿಟಕಿಯಲ್ಲಿ ಬಂದ ದೂರನ್ನ ಮಾತ್ರ ತಗೋಬೇಕು ಅಂತಿದೆ ಕಣ್ರೀ. ಕಿಟಕಿ ಈಗ ಅವರ ಹತ್ರ ಇದೆ. ಅಲ್ಲದೆ ಮಾಲೀಕರ ಸಹಿ ಬೇಕು. ಕೊಡ್ತಾರಾ?"

ಕೇಳಿ ನೋಡಿದರು. ಮಾಲೀಕರು ಮತ್ತೆ ಕಣ್ಣೀರು ಹಾಕಿದರು.

ಆ ಸಂಜೆ ಉಚಿತ ವಕೀಲರು ಏಣಿ ಹತ್ತಿ ಬಂದರು. ಟೈಲರಕ್ಕ ತನ್ನ ಮೊಕದ್ದಮೆಯೇ ಮೇಲೆ ಬಂತೆಂದು ಗಡಬಡಿಸಿ ಎದ್ದಳು. ಅವರು ಹೊಸಿಲಲ್ಲೇ ನಿಂತು, ಬೇರೆ ಜಾಗ ಸಿಗುವವರೆಗೆ ಕೇಂದ್ರಕ್ಕೆ ಈ ಮುಂದಿನ ಕೋಣೆ ಕೊಡಬಹುದೇ ಎಂದು ಕೇಳಿದರು.

"ನಾವೆಲ್ಲಿಗೆ ಹೋಗೋದು?"

"ಅಡುಗೆಮನೆ ನಿಮಗೇ ಅಕ್ಕಾ. ಅದನ್ನ ಯಾರೂ ಕೇಳಲ್ಲ."

ಅತ್ತೆ ಸೊಸೆ ಒಳಗೆ ಹೋಗಿ ಮಾತಾಡಿಕೊಂಡರು.

"ಕಚೇರಿ ಬಂದ್ರೆ ಮೆಟ್ಟಿಲು ಬರುತ್ತೆ ಅತ್ತೆ," ಎಂದಳು ಟೈಲರಕ್ಕ. "ಆ ಅಧಿಕಾರಿ ಏಣಿ ಹತ್ತೋ ಪೈಕಿ ಅಲ್ಲ."

"ಬರಲಿ ಬಿಡು. ನನಗೂ ಬೈಯೋಕೆ ನಿನ್ನೊಬ್ಬಳನ್ನೇ ನೋಡಿ ನೋಡಿ ಬೇಜಾರಾಗಿದೆ."

ಮೆಟ್ಟಿಲು ಬಂತು. ಇಲಾಖೆಯಲ್ಲಿ ಯಾವ ಕೆಲಸವೂ ಅಷ್ಟು ಬೇಗ ಆಗಿದ್ದನ್ನು ಕಂಡವರಿರಲಿಲ್ಲ. ಹಸಿರು ಬಣ್ಣದ ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳಲು ಕಟಕಟೆ ಬೇರೆ. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿ, "ಅಯ್ಯೋ, ನಮ್ಮದೇ ಮೆಟ್ಟಿಲು ಕಣೇ! ಬಣ್ಣ ಬಳಿಸ್ಕೊಂಡು ಬಂದಿದೆ!" ಎಂದರು. ನಿಜವಾಗಿತ್ತು. ತುಕ್ಕು ಹಿಡಿದದ್ದು ಬಾಡಿಗೆದಾರರಿಗೆ ಅಪಾಯವೇ ಹೊರತು ಇಲಾಖೆಗೆ ಅಲ್ಲವೆಂದು ಮಾಲೀಕರು ಅದನ್ನು ಕೇಂದ್ರಕ್ಕೇ ಮಾರಿದ್ದರು. ಟೈಲರಕ್ಕನ ಮೇಲೆ ಅವರಿಗೆ ಈಗ ಯಾವ ಕೋಪವೂ ಉಳಿದಿರಲಿಲ್ಲ.

ಟೈಲರಕ್ಕ ಅತ್ತೆಯ ಕೈ ಹಿಡಿದು ಬಾಗಿಲಿಗೆ ಬಂದಳು. ಮೆಟ್ಟಿಲ ತಲೆಯಲ್ಲಿ ಒಂದು ಫಲಕವಿತ್ತು: "ಕಚೇರಿ ಉಪಯೋಗಕ್ಕೆ ಮಾತ್ರ. ಇತರರು ಏಣಿಯನ್ನು ಬಳಸತಕ್ಕದ್ದು."

"ನಾವು ಇತರರಾ ಸಾರ್?" ಎಂದಳು.

ಅಧಿಕಾರಿ ಕಲ್ಲುಹೃದಯದವರಲ್ಲ. ಅರ್ಜಿದಾರರಿಗೆ ಮೆಟ್ಟಿಲು ಬಳಸಲು ಅವಕಾಶವಿದೆ, ಅರ್ಜಿ ಕೊಟ್ಟರಾಯಿತು ಎಂದರು. ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ಅಡುಗೆಮನೆಯಿಂದ ಮುಂದಿನ ಕೋಣೆಗೆ ಬಂದು, ಟೋಕನ್ ತೆಗೆದುಕೊಂಡು, ಸರದಿ ಕಾದು, ಕೆಳಗಿಳಿಯುವ ಬಗ್ಗೆ ಒಂದು ಅರ್ಜಿ ಕೊಟ್ಟು ಇಳಿಯುತ್ತಿದ್ದರು. ಹತ್ತುವುದು ಪ್ರತ್ಯೇಕ ವಿಷಯವಾದ್ದರಿಂದ ಅದಕ್ಕೆ ಪ್ರತ್ಯೇಕ ಅರ್ಜಿ. ಮೊದಲ ದಿನ ಅವರು ಬೀದಿಯಲ್ಲಿ ನಿಂತು ಎರಡೂ ಕಾಲನ್ನು ನೆಲಕ್ಕೆ ಒತ್ತಿ ಒತ್ತಿ ನೋಡಿದರು. "ನೆಲ ಎಷ್ಟು ಗಟ್ಟಿಯಾಗಿದೆಯಲ್ಲೇ" ಎಂದರು. ಪೇಂಟರಣ್ಣ ತಲೆ ತಗ್ಗಿಸಿ ಬಣ್ಣ ಕಲಸುವುದರಲ್ಲಿ ಮಗ್ನನಾದ. ಟೈಲರಕ್ಕನಿಗೆ ಆ ಹೊತ್ತಿನಲ್ಲಿ ಅಧಿಕಾರಿಯ ಕಾಲಿಗೆ ಬೀಳಬೇಕೆನಿಸಿತು. ಎಂಥ ಒಳ್ಳೆಯ ಕಚೇರಿ!

ಆದರೆ ಅವಳ ಸ್ವಂತ ದೂರು ಏನಾಯಿತು ಎಂದು ಕೇಳಲು ಹೋದಾಗ ಅಧಿಕಾರಿ ಕುರ್ಚಿಯಿಂದ ಎದ್ದು ನಿಂತರು. ಅವಳು ಹಿಂದೆ ಯಾರಾದರೂ ದೊಡ್ಡವರು ಬಂದರೇನೋ ಎಂದು ತಿರುಗಿ ನೋಡಿದಳು.

"ತಾವು ದಯಮಾಡಿ ಕೂತ್ಕೋಬೇಕು," ಎಂದರು ಅಧಿಕಾರಿ. "ತಮ್ಮ ಅರ್ಜಿ ವಜಾ ಆಗಿದೆ. ತಾವೀಗ ಬಡ ಬಾಡಿಗೆದಾರರಲ್ಲ, ಮಾಲೀಕರು. ನಮಗೆ ಕೋಣೆ ಕೊಟ್ಟಿದೀರಲ್ಲ."

"ನಾನಾ? ಮಾಲೀಕಳಾ?"

"ಮತ್ತೆ? ನಾವು ಬಾಡಿಗೆದಾರರು, ತಾವು ಮಾಲೀಕರು. ಇನ್ನೊಂದು ಮಾತು, ಹೇಳೋಕೆ ಸಂಕೋಚ ಆಗುತ್ತೆ. ತಮ್ಮ ಹೊಲಿಗೆ ಯಂತ್ರದ ಸದ್ದಿನಿಂದ ಕಚೇರಿಗೆ ತೊಂದರೆ ಆಗ್ತಿದೆ. ಮಾಲೀಕರಾದೋರು ಬಾಡಿಗೆದಾರರಿಗೆ ಹೀಗೆ ಕಿರುಕುಳ ಕೊಡಬಾರದು."

ಟೈಲರಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದವಳು ಮೇಜು ಕುಟ್ಟಿದಳು.

"ಹಾಗಾದ್ರೆ ನನ್ನ ಕೋಣೆ ಬಿಟ್ಟು ಹೊರಡಿ! ಈಗಲೇ ಹೊರಡಿ! ನೀವಿರೋದಾದ್ರೆ ನನಗೂ ನಿಮಗೂ ಜಗಳವೇ!"

ಅಧಿಕಾರಿಯ ಮುಖ ಮೆಲ್ಲಮೆಲ್ಲಗೆ ಅರಳಿತು.

"ಜಗಳ ಅಂದ್ರಾ?"

"ಅಂದೆ!"

"ಸಹಿ ಹಾಕಿ ಕೊಡ್ತೀರಾ?"

"ಕೊಡಿ ಇಲ್ಲಿ!"

ಅವಳು ಕಾಗದ ಹರಿಯುವಂತೆ ಸಹಿ ಹಾಕಿದಳು. ಕೇಂದ್ರದ ಇತಿಹಾಸದಲ್ಲಿ ವಿವಾದವಿದೆಯೆಂದು ಸಹಿ ಹಾಕಿಕೊಟ್ಟ ಮೊದಲ ಮಾಲೀಕಳು ಅವಳು. ಇನ್ನು ಬಾಡಿಗೆದಾರನಾದ ಕೇಂದ್ರಕ್ಕೆ ಬಿಡಿಗಾಸಿನ ಆದಾಯವಿರಲಿಲ್ಲ, ಬಡತನ ನಿರ್ವಿವಾದ. ಸ್ಥಳ ಪರಿಶೀಲನೆಗೆ ಮೆಟ್ಟಿಲಿತ್ತು. ಯಾವ ನಿಯಮದಲ್ಲೂ ಕೊಂಕು ತೆಗೆಯುವಂತಿರಲಿಲ್ಲ. ಕೇಂದ್ರವು ಕೇಂದ್ರಕ್ಕೆ ಉಚಿತ ಕಾನೂನು ನೆರವು ಮಂಜೂರು ಮಾಡಿತು.

ಟೈಲರಕ್ಕ ಉಚಿತ ವಕೀಲರನ್ನು ಅಡುಗೆಮನೆಗೆ ಕರೆದು ಕೇಳಿದಳು: "ನನ್ನ ಪರ ಯಾರು ಮಾತಾಡ್ತಾರೆ?"

ಅವರು ನೆಲ ನೋಡಿದರು. "ನಾನು ಎದುರು ಪಕ್ಷ ಅಕ್ಕಾ. ನಿಮ್ಮ ಮುಖ ನೋಡೋಕೂ ಆಗ್ತಿಲ್ಲ. ಆದ್ರೆ ಕೇಂದ್ರ ಇಷ್ಟು ದಿನದಲ್ಲಿ ಒಂದು ಕೇಸೂ ನಡೆಸಿಲ್ಲ. ಇದೂ ಕೈ ತಪ್ಪಿದ್ರೆ ಮುಚ್ಚಿಬಿಡ್ತಾರೆ. ಮುಚ್ಚಿದ್ರೆ ಬಡವರ ಗತಿ ಏನು, ನೀವೇ ಹೇಳಿ."

ಬಡವರ ಮಾತು ಬಂದಮೇಲೆ ಅವಳು ಅವರಿಗೆ ಕುಡಿಯಲು ನೀರು ಕೊಟ್ಟು ಕಳಿಸಿದಳು.

ನ್ಯಾಯಾಧೀಶರು ತಾಳ್ಮೆಯಿಂದ ವಿಚಾರಣೆ ನಡೆಸಿದರು.

"ಕೋಣೆ ಕೊಟ್ಟಿದ್ದು ಯಾರಮ್ಮಾ?"

"ನಾನೇ ಸ್ವಾಮಿ."

"ಯಾಕೆ ಕೊಟ್ಟೆ?"

"ಮೆಟ್ಟಿಲು ಬರುತ್ತೆ ಅಂತ."

"ಬಂತಾ?"

"ಬಂತು ಸ್ವಾಮಿ, ಆದ್ರೆ..."

"ಬಂತು ಅಂದಮೇಲೆ ಆದರೆ ಯಾಕೆ?"

ತೀರ್ಪು ಬಂತು. ಮಾಲೀಕಳಾದ ಟೈಲರಕ್ಕ ಬಡ ಬಾಡಿಗೆದಾರನಾದ ಕೇಂದ್ರವನ್ನು ಮುಂದಿನ ಕೋಣೆಯಿಂದ ಎಬ್ಬಿಸಕೂಡದು. ಕಚೇರಿ ವೇಳೆಯಲ್ಲಿ ಹೊಲಿಗೆ ಯಂತ್ರ ತುಳಿಯಕೂಡದು. ಬಾಡಿಗೆದಾರರಿಗೆ ಕುಡಿಯುವ ನೀರನ್ನು ಮಾಲೀಕರೇ ಒದಗಿಸತಕ್ಕದ್ದು. ಮೆಟ್ಟಿಲಿನ ಬಗ್ಗೆ ಯಾರೂ ಕೇಳದೆ ಇದ್ದುದರಿಂದ ಆ ಬಗ್ಗೆ ಆದೇಶವಿಲ್ಲ.

ಕೇಂದ್ರದ ಚೊಚ್ಚಲ ಗೆಲುವಿಗೆ ಬೀದಿಯಲ್ಲೇ ಶಾಮಿಯಾನ ಹಾಕಿ ಸಮಾರಂಭ ಮಾಡಿದರು. ವೇದಿಕೆಯ ಹಿಂದಿನ ಬಟ್ಟೆಯ ಫಲಕ ಹೊಲಿಯಲು ಟೈಲರಕ್ಕನಿಗೇ ಹೇಳಿದರು. ಅವಳು ಕಚೇರಿ ಮುಚ್ಚಿದ ಮೇಲೆ ಕೂತು ಹೊಲಿದುಕೊಟ್ಟಳು. ಬೇರೆಯವರಿಗೆ ಕೊಟ್ಟಿದ್ದರೆ ಅಂಚು ಸೊಟ್ಟಗಾಗುತ್ತಿತ್ತು ಎಂಬ ಸಮಾಧಾನ ಅವಳಿಗೆ. ಅಧ್ಯಕ್ಷತೆಯನ್ನು ಕಟ್ಟಡದ ಮಾಲೀಕರು ವಹಿಸಿದ್ದರು. ಬಡವರ ಬಂಧು ಎಂದರೆ ಊರಿನಲ್ಲಿ ಅವರೊಬ್ಬರೇ ತಾನೇ?

ಅಧಿಕಾರಿ ವಾರ್ಷಿಕ ವರದಿ ಓದಿದರು. "ನೆರವು ಪಡೆದ ಬಡ ಬಾಡಿಗೆದಾರರು, ಒಂದು. ನ್ಯಾಯಕ್ಕೆ ತಲೆಬಾಗಿದ ಮಾಲೀಕರು, ಒಂದು. ಇಬ್ಬರೂ ಒಂದೇ ಮಹಡಿಯಲ್ಲಿ ವಾಸವಿದ್ದು, ಈಗಲೂ ಅನ್ಯೋನ್ಯವಾಗಿದ್ದಾರೆಂದು ತಿಳಿಸಲು ಹರ್ಷಿಸುತ್ತೇನೆ." ಜನ ಚಪ್ಪಾಳೆ ತಟ್ಟಿದರು. ಪೇಂಟರಣ್ಣನೂ ತಟ್ಟಿದ. ಉಚಿತ ವಕೀಲರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಮಾಲೀಕರು ಭಾಷಣದ ನಡುವೆ ಟೈಲರಕ್ಕನ ಕಡೆ ಕೈ ತೋರಿಸಿದರು. "ಬಾಡಿಗೆದಾರರಿಂದ ಮಾಲೀಕರಿಗೆ ಎಷ್ಟು ಸಂಕಟ ಅನ್ನೋದು ನನ್ನ ತಂಗಿಗೆ ಈಗ ಅರ್ಥವಾಗಿದೆ. ಅವಳನ್ನ ನಮ್ಮ ಮನೆ ಮಾಲೀಕರ ಸಂಘಕ್ಕೆ ಪ್ರೀತಿಯಿಂದ ಸ್ವಾಗತಿಸ್ತೀನಿ. ಬಾರಮ್ಮಾ, ಮುಂದಿನ ಸಾಲಿಗೆ ಬಾ."

ಟೈಲರಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ಆಗಲೇ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಮಾಲೀಕರ ಅತ್ತೆಗೂ ಕುರ್ಚಿ ಇದೆಯೇನಪ್ಪಾ?" ಎಂದು ಗಟ್ಟಿಯಾಗಿ ಕೇಳಿದರು.

ಇತ್ತು. ಮೆತ್ತೆ ಹಾಕಿದ ಕುರ್ಚಿ. ಅತ್ತೆ ಅದರಲ್ಲಿ ಕೂತು ಮಂಡಿ ನೀವಿಕೊಂಡರು. ಹಿಂದಿನ ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ಒಮ್ಮೆ ತಿರುಗಿ ನೋಡಿದರು. ಸೊಸೆ ಪಕ್ಕದಲ್ಲಿ ಕೂತಳು. "ಸೋತಿದ್ದು ನಾವು ಅತ್ತೆ" ಎಂದು ಮೆಲ್ಲಗೆ ಹೇಳಿದಳು.

"ಅಯ್ಯೋ, ಯಾರೋ ಒಬ್ಬ ಬಡವರಿಗೆ ನ್ಯಾಯ ಸಿಕ್ತಲ್ಲ, ಬಿಡೇ," ಎಂದರು ಅತ್ತೆ. "ಅದೂ ನಮ್ಮ ಮನೇಲೇ ಸಿಕ್ತು. ಚಪ್ಪಾಳೆ ತಟ್ಟು, ಎಲ್ಲರೂ ನೋಡ್ತಿದಾರೆ."

ಟೈಲರಕ್ಕ ಸ್ವಲ್ಪ ಯೋಚಿಸಿದಳು. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ತಟ್ಟಿದಳು.